ಗೆರೆಯ ಮೇಲಿನ ಬರಹ: ಸ್ಪ್ರೆಡ್‌ಶೀಟ್‌ನಲ್ಲಿ ಪ್ರವಾಹ ನಕ್ಷೆಯ ರಚನೆ

ಒಂದು ಕೆಲಸವು ಎಲ್ಲಿ ಆರಂಭವಾಗಿ, ಯಾವ ಯಾವ ಹಂತಗಳನ್ನು ದಾಟಿ, ಎಲ್ಲಿ ಮುಕ್ತಾಯಗೊಳ್ಳುತ್ತದೆ ಎಂಬುದನ್ನು ಚೌಕ ಮತ್ತು ಗೆರೆಗಳ ಮೂಲಕ ತೋರಿಸುವ ಚಿತ್ರಕ್ಕೆ ಪ್ರವಾಹ ನಕ್ಷೆ ಅಥವಾ ಫ್ಲೋ ಚಾರ್ಟ್ ಎಂದು ಹೆಸರು. ಪುಟಗಟ್ಟಲೆ ಬರೆದ ನಿಯಮಗಳು ಹೇಳುವುದನ್ನು ಅರ್ಧ ಹಾಳೆಯ ನಕ್ಷೆಯೊಂದು ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲದು. ಆದ್ದರಿಂದಲೇ ಕಚೇರಿ, ಕಾರ್ಖಾನೆ, ಆಸ್ಪತ್ರೆ, ಶಾಲೆ, ಸಂಘ ಸಂಸ್ಥೆಗಳಲ್ಲಿ ಇಂತಹ ನಕ್ಷೆಗಳ ಬಳಕೆ ವ್ಯಾಪಕವಾಗಿದೆ.

ಸಾಮಾನ್ಯವಾಗಿ ನಕ್ಷೆಯನ್ನು ರಚಿಸುವವರು ಚೌಕಗಳೊಳಗಿನ ಮಾತುಗಳಿಗೆ ಹೆಚ್ಚಿನ ಗಮನ ಕೊಡುತ್ತಾರೆ. ಚೌಕಗಳನ್ನು ಜೋಡಿಸುವ ಗೆರೆಗಳ ಮೇಲಿನ ಬರಹವನ್ನು ಕೊನೆಯಲ್ಲಿ, ಅವಸರದಿಂದ ಸೇರಿಸುತ್ತಾರೆ. ಆದರೆ ನಕ್ಷೆಯ ಪ್ರಯೋಜನ ಬಹುಮಟ್ಟಿಗೆ ಈ ಕಿರುಬರಹಗಳನ್ನೇ ಅವಲಂಬಿಸಿದೆ. ಚೌಕವು ಏನು ನಡೆಯುತ್ತದೆ ಎಂಬುದನ್ನು ಹೇಳಿದರೆ, ಗೆರೆಯು ಅದು ಯಾವಾಗ, ಯಾವ ಷರತ್ತಿನ ಮೇಲೆ ನಡೆಯುತ್ತದೆ ಎಂಬುದನ್ನು ಹೇಳುತ್ತದೆ. ಈ ಬರಹಗಳನ್ನು ಸ್ಪ್ರೆಡ್‌ಶೀಟ್‌ನಲ್ಲಿ ಹೇಗೆ ಬರೆಯಬೇಕು, ಅವು ತಮ್ಮ ಗೆರೆಯಿಂದ ಬೇರ್ಪಡದಂತೆ ಹೇಗೆ ಕಾಪಾಡಬೇಕು ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ಹಿನ್ನೆಲೆ

ಪ್ರವಾಹ ನಕ್ಷೆಯು ಗಣಕಯಂತ್ರಕ್ಕಿಂತ ಹಳೆಯದು. ಅಮೆರಿಕದ ಫ್ರಾಂಕ್ ಗಿಲ್‌ಬ್ರೆತ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿಗಳು 1921ರಲ್ಲಿ ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಕೆಲಸದ ಹಂತಗಳನ್ನು ಚಿಹ್ನೆಗಳ ಮೂಲಕ ತೋರಿಸುವ ವಿಧಾನವನ್ನು ಮಂಡಿಸಿದರು. 1940ರ ದಶಕದಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ ಅವರು ಗಣಕಯಂತ್ರದ ಕ್ರಮವಿಧಿಗಳನ್ನು ಯೋಜಿಸಲು ಇದೇ ಬಗೆಯ ನಕ್ಷೆಗಳನ್ನು ಬಳಸಿದರು. 1985ರಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯು ಐ.ಎಸ್.ಒ. 5807 ಎಂಬ ಮಾನಕದ ಮೂಲಕ ಇಂತಹ ನಕ್ಷೆಗಳ ಚಿಹ್ನೆಗಳನ್ನು ನಿಗದಿಪಡಿಸಿತು.

ಈ ಸಂಪ್ರದಾಯದ ಪ್ರಕಾರ ಆಯತವು ಒಂದು ಕಾರ್ಯವನ್ನು ಸೂಚಿಸುತ್ತದೆ. ವಜ್ರಾಕೃತಿಯು ನಿರ್ಣಯವನ್ನು, ಎಂದರೆ ಒಂದು ಪ್ರಶ್ನೆಯನ್ನು ಸೂಚಿಸುತ್ತದೆ. ಎರಡು ತುದಿಗಳೂ ದುಂಡಾಗಿರುವ ಆಕೃತಿಯು ಆರಂಭ ಅಥವಾ ಅಂತ್ಯವನ್ನು ತೋರಿಸುತ್ತದೆ. ಪ್ರವಾಹವು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಸಾಗುತ್ತದೆ. ಬೇರೆ ದಿಕ್ಕಿನಲ್ಲಿ ಸಾಗುವಾಗ ಬಾಣದ ಗುರುತು ಅಗತ್ಯ. ವಜ್ರಾಕೃತಿಯಿಂದ ಹೊರಡುವ ಪ್ರತಿಯೊಂದು ಗೆರೆಯ ಪಕ್ಕದಲ್ಲಿ ಆ ದಾರಿಗೆ ಕಾರಣವಾದ ಉತ್ತರವನ್ನು ಬರೆಯಲಾಗುತ್ತದೆ. ಒಂದು ಆಯತದಿಂದ ಮುಂದಿನ ಆಯತಕ್ಕೆ ಇರುವುದು ಒಂದೇ ದಾರಿ. ಅಲ್ಲಿ ಬರಹವಿಲ್ಲದಿದ್ದರೂ ನಡೆಯುತ್ತದೆ. ವಜ್ರದಿಂದ ಹೊರಡುವ ದಾರಿಗಳು ಎರಡು ಅಥವಾ ಅದಕ್ಕಿಂತ ಹೆಚ್ಚು. ಅಲ್ಲಿ ಬರಹವಿಲ್ಲದಿದ್ದರೆ ಓದುಗನು ಕವಲುದಾರಿಯಲ್ಲಿ ಕೈಮರವಿಲ್ಲದೆ ನಿಂತಂತಾಗುತ್ತದೆ.

ಉದಾಹರಣೆ: ಮಾಹಿತಿ ಹಕ್ಕಿನ ಅರ್ಜಿ

ವಿಷಯವನ್ನು ಸ್ಪಷ್ಟಪಡಿಸಲು ಪ್ರತಿಯೊಬ್ಬ ನಾಗರಿಕನಿಗೂ ಉಪಯುಕ್ತವಾದ ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಮಾಹಿತಿ ಹಕ್ಕು ಅಧಿನಿಯಮವು 2005ರ ಅಕ್ಟೋಬರ್ 12ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಅದರ ಅನ್ವಯ ಅರ್ಜಿಯು ಸಾಗುವ ದಾರಿ ಈ ಕೆಳಗಿನಂತಿದೆ.

ಮೊದಲನೆಯದಾಗಿ, ಅರ್ಜಿದಾರನು ಸಂಬಂಧಪಟ್ಟ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಸಲ್ಲಿಸುತ್ತಾನೆ. ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಅರ್ಜಿ ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿರುವವರಿಗೆ ಶುಲ್ಕವಿಲ್ಲ. ಮಾಹಿತಿಯನ್ನು ಏಕೆ ಕೇಳಲಾಗಿದೆ ಎಂಬುದಕ್ಕೆ ಕಾರಣ ಕೊಡಬೇಕಾಗಿಲ್ಲ.

ಎರಡನೆಯದಾಗಿ, ಕೇಳಿದ ಮಾಹಿತಿ ಬೇರೊಂದು ಪ್ರಾಧಿಕಾರಕ್ಕೆ ಸೇರಿದ್ದರೆ, ಅಧಿಕಾರಿಯು 5 ದಿನಗಳೊಳಗಾಗಿ ಅರ್ಜಿಯನ್ನು ಅಲ್ಲಿಗೆ ವರ್ಗಾಯಿಸಿ ಅರ್ಜಿದಾರನಿಗೆ ತಿಳಿಸಬೇಕು.

ಮೂರನೆಯದಾಗಿ, ಅರ್ಜಿ ತಲುಪಿದ 30 ದಿನಗಳೊಳಗೆ ಮಾಹಿತಿಯನ್ನು ಕೊಡಬೇಕು ಅಥವಾ ಕಾರಣ ತಿಳಿಸಿ ನಿರಾಕರಿಸಬೇಕು. ಮಾಹಿತಿಯು ವ್ಯಕ್ತಿಯ ಜೀವಕ್ಕೆ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ್ದಾದರೆ ಅವಧಿ 48 ಗಂಟೆ ಮಾತ್ರ. ಅವಧಿಯೊಳಗೆ ಉತ್ತರ ಬಾರದಿದ್ದರೆ ಅದನ್ನು ನಿರಾಕರಣೆ ಎಂದೇ ಭಾವಿಸಲಾಗುತ್ತದೆ.

ನಾಲ್ಕನೆಯದಾಗಿ, ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, 30 ದಿನಗಳೊಳಗೆ ಅದೇ ಕಚೇರಿಯ ಮೇಲ್ದರ್ಜೆಯ ಅಧಿಕಾರಿಗೆ ಮೊದಲನೆಯ ಮೇಲ್ಮನವಿ ಸಲ್ಲಿಸಬಹುದು. ಆ ಅಧಿಕಾರಿಯು 30 ದಿನಗಳೊಳಗೆ, ಕಾರಣಗಳನ್ನು ದಾಖಲಿಸಿ ಹೆಚ್ಚೆಂದರೆ 45 ದಿನಗಳೊಳಗೆ, ತೀರ್ಮಾನ ಕೊಡಬೇಕು.

ಐದನೆಯದಾಗಿ, ಅಲ್ಲಿಯೂ ಸಮಾಧಾನ ದೊರೆಯದಿದ್ದರೆ 90 ದಿನಗಳೊಳಗೆ ಕೇಂದ್ರ ಅಥವಾ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ ಸಲ್ಲಿಸಬಹುದು.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡಿಗರು ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬೇಕೆಂದು ಅಧಿನಿಯಮ ಹೇಳುತ್ತದೆ. ಆದುದರಿಂದ ಮುಂಬಯಿಯಲ್ಲಿ ಮರಾಠಿ ಹಾಗೂ ಚೆನ್ನೈಯಲ್ಲಿ ತಮಿಳು ಸಲ್ಲುತ್ತವೆ. ಬರೆಯಲಾಗದವರು ಬಾಯಿಮಾತಿನಲ್ಲಿ ಕೋರಿದರೆ ಅದನ್ನು ಬರಹಕ್ಕಿಳಿಸಲು ಅಧಿಕಾರಿಯು ಯುಕ್ತ ನೆರವು ನೀಡಬೇಕು. ಅರ್ಜಿಯ ಭಾಷೆ ಯಾವುದೇ ಆಗಿರಲಿ, ದಾರಿಯನ್ನು ತಿಳಿದುಕೊಳ್ಳಲು ಕನ್ನಡದಲ್ಲಿ ಒಂದು ನಕ್ಷೆ ಕೈಯಲ್ಲಿದ್ದರೆ ಮನೆಯ ಹಿರಿಯರಿಗೂ ಸಂಘದ ಸದಸ್ಯರಿಗೂ ಬಹಳ ಅನುಕೂಲ.

ಒಂದೇ ಅಂಕಿ, ಮೂರು ಅರ್ಥ

ಮೇಲಿನ ವಿವರದಲ್ಲಿ '30 ದಿನ' ಎಂಬ ಮಾತು ಮೂರು ಬಾರಿ ಬಂದಿದೆ. ಮೊದಲನೆಯ 30 ದಿನ ಮಾಹಿತಿ ಅಧಿಕಾರಿಯ ಕರ್ತವ್ಯದ ಅವಧಿ. ಎರಡನೆಯದು ಮೇಲ್ಮನವಿ ಸಲ್ಲಿಸಲು ಅರ್ಜಿದಾರನಿಗೆ ಇರುವ ಅವಧಿ. ಮೂರನೆಯದು ಮೇಲ್ಮನವಿಯನ್ನು ತೀರ್ಮಾನಿಸಲು ಮೇಲಧಿಕಾರಿಗೆ ಇರುವ ಅವಧಿ. ಮೊದಲನೆಯದು ಮತ್ತು ಮೂರನೆಯದು ಮೀರಿದರೆ ತಪ್ಪು ಕಚೇರಿಯದು. ಎರಡನೆಯದು ಮೀರಿದರೆ ನಷ್ಟ ಅರ್ಜಿದಾರನದು. ತಡಕ್ಕೆ ಸಾಕಷ್ಟು ಕಾರಣವಿದ್ದರೆ ಮನ್ನಿಸಲು ಅವಕಾಶವಿದೆಯಾದರೂ, ಅದು ಮೇಲಧಿಕಾರಿಯ ವಿವೇಚನೆಗೆ ಬಿಟ್ಟದ್ದು.

ನಕ್ಷೆಯಲ್ಲಿ ಮೂರು ಗೆರೆಗಳ ಮೇಲೂ ಬರಿದೇ '30 ದಿನ' ಎಂದು ಬರೆದರೆ ಈ ವ್ಯತ್ಯಾಸ ಮರೆಯಾಗುತ್ತದೆ. ಇನ್ನೂ ಕಾಯಬೇಕೆಂದು ತಿಳಿದ ಅರ್ಜಿದಾರನು ತನ್ನ ಅವಧಿಯನ್ನೇ ಕಳೆದುಕೊಳ್ಳಬಹುದು. ಆದ್ದರಿಂದ 'ಅಧಿಕಾರಿಗೆ 30 ದಿನ', 'ಅರ್ಜಿದಾರರಿಗೆ 30 ದಿನ', 'ಮೇಲಧಿಕಾರಿಗೆ 30 ದಿನ' ಎಂದು ಬಿಡಿಸಿ ಬರೆಯುವುದು ಅವಶ್ಯಕ. ಗೆರೆಯ ಬರಹವು ಚಿಕ್ಕದಾಗಿರಬೇಕು, ನಿಜ. ಆದರೆ ಅರ್ಥ ಕೆಡುವಷ್ಟು ಚಿಕ್ಕದಾಗಬಾರದು.

ಇನ್ನೊಂದು ಅಪಾಯವೂ ಇದೆ. ಬರಹ ಸರಿಯಾಗಿದ್ದರೂ ಅದು ತನ್ನ ಗೆರೆಯಿಂದ ಸರಿದು ಪಕ್ಕದ ಗೆರೆಯ ಬಳಿ ನಿಲ್ಲಬಹುದು. ಚೌಕದೊಳಗಿನ ಕಾಗುಣಿತದ ತಪ್ಪು ಕಣ್ಣಿಗೆ ಬೀಳುತ್ತದೆ. ಸರಿದ ಬರಹವಾದರೋ ತಪ್ಪಿನಂತೆ ಕಾಣುವುದೇ ಇಲ್ಲ. '48 ಗಂಟೆ' ಎಂಬುದು '30 ದಿನ' ಇರಬೇಕಾದ ಗೆರೆಯ ಪಕ್ಕಕ್ಕೆ ಬಂದರೂ ನಕ್ಷೆ ಅಚ್ಚುಕಟ್ಟಾಗಿಯೇ ತೋರುತ್ತದೆ.

ಸ್ಪ್ರೆಡ್‌ಶೀಟ್‌ನಲ್ಲಿರುವ ತೊಡಕು

ಸ್ಪ್ರೆಡ್‌ಶೀಟ್ ಮೂಲತಃ ಲೆಕ್ಕಕ್ಕಾಗಿ ರೂಪುಗೊಂಡ ತಂತ್ರಾಂಶ. ವೈಯಕ್ತಿಕ ಗಣಕಯಂತ್ರಗಳಿಗಾಗಿ ಬಂದ ಮೊದಲ ಸ್ಪ್ರೆಡ್‌ಶೀಟ್ ವಿಸಿಕ್ಯಾಲ್ಕ್ 1979ರಲ್ಲಿ ಮಾರುಕಟ್ಟೆಗೆ ಬಂದಿತು. ಎಕ್ಸೆಲ್ 1985ರಲ್ಲಿ ಮೊದಲು ಮೆಕಿಂಟಾಷ್ ಯಂತ್ರಗಳಿಗೂ, 1987ರಲ್ಲಿ ವಿಂಡೋಸ್ ಯಂತ್ರಗಳಿಗೂ ಬಂದಿತು. ಚಿತ್ರ ಬರೆಯುವ ಸೌಲಭ್ಯಗಳು ಅದಕ್ಕೆ ಕ್ರಮೇಣ ಸೇರ್ಪಡೆಯಾದವು. ವಿಸಿಯೊ, ಲಿಬ್ರೆ ಆಫೀಸ್ ಡ್ರಾ ಮುಂತಾದ ಚಿತ್ರರಚನೆಯ ತಂತ್ರಾಂಶಗಳಲ್ಲಿ ಸಂಪರ್ಕ ಗೆರೆಯ ಮೇಲೆ ನೇರವಾಗಿ ಅಕ್ಷರಗಳನ್ನು ಬರೆಯಬಹುದು. ಆದರೆ ಬಹುತೇಕ ಕಚೇರಿಗಳಲ್ಲಿ ಸುಲಭವಾಗಿ ದೊರೆಯುವುದು ಸ್ಪ್ರೆಡ್‌ಶೀಟ್. ಅಲ್ಲದೆ ನಕ್ಷೆಯ ಪಕ್ಕದಲ್ಲಿಯೇ ದಿನಾಂಕಗಳ ಲೆಕ್ಕವನ್ನು ಇಡುವ ಸೌಕರ್ಯ ಅದರಲ್ಲಿದೆ.

ಎಕ್ಸೆಲ್‌ನಲ್ಲಿ ಆಯತ, ವಜ್ರ ಮುಂತಾದ ಮುಚ್ಚಿದ ಆಕೃತಿಗಳು ಅಕ್ಷರಗಳನ್ನು ಸ್ವೀಕರಿಸುತ್ತವೆ. ಸಂಪರ್ಕ ಗೆರೆಯು ಸ್ವೀಕರಿಸುವುದಿಲ್ಲ. ಆಕೃತಿಯ ಮೇಲೆ ಮೌಸ್‌ನ ಬಲಗುಂಡಿಯನ್ನು ಒತ್ತಿದಾಗ ಕಾಣುವ 'ಎಡಿಟ್ ಟೆಕ್ಸ್ಟ್' ಎಂಬ ಆದೇಶ ಗೆರೆಯ ಮೇಲೆ ಒತ್ತಿದಾಗ ಕಾಣುವುದಿಲ್ಲ. ಆದುದರಿಂದ ಬರಹವನ್ನು ಬೇರೊಂದು ವಸ್ತುವಾಗಿ ರಚಿಸಿ ಗೆರೆಗೆ ಸೇರಿಸಬೇಕಾಗುತ್ತದೆ.

ಗೆರೆಗಳನ್ನು ಎಳೆಯುವ ಕ್ರಮ

'ಇನ್ಸರ್ಟ್' ಪಟ್ಟಿಯ 'ಶೇಪ್ಸ್' ಎಂಬಲ್ಲಿ ಆಕೃತಿಗಳೂ ಗೆರೆಗಳೂ ದೊರೆಯುತ್ತವೆ. ಗೆರೆಗಳಲ್ಲಿ ನೇರ, ಮೊಣಕೈಯಂತೆ ಬಾಗಿದ ಮತ್ತು ವಕ್ರ ಎಂಬ ಮೂರು ಬಗೆಗಳಿವೆ. ಗೆರೆಯನ್ನು ಆರಿಸಿ ಮೌಸ್‌ನ ಗುರುತನ್ನು ಆಕೃತಿಯ ಅಂಚಿಗೆ ತಂದಾಗ ಅದರ ಮೇಲೆ ಸಣ್ಣ ಬಿಂದುಗಳು ಮೂಡುತ್ತವೆ. ಆಯತಕ್ಕೂ ವಜ್ರಕ್ಕೂ ಇಂತಹ ನಾಲ್ಕು ಬಿಂದುಗಳಿವೆ. ಒಂದು ಆಕೃತಿಯ ಬಿಂದುವಿನಿಂದ ಇನ್ನೊಂದರ ಬಿಂದುವಿನವರೆಗೆ ಗೆರೆಯನ್ನು ಎಳೆದರೆ ಅದು ಎರಡೂ ಕಡೆ ಅಂಟಿಕೊಳ್ಳುತ್ತದೆ. ಅನಂತರ ಆಕೃತಿಯನ್ನು ಸರಿಸಿದರೆ ಗೆರೆಯೂ ಅದರೊಡನೆ ಸಾಗುತ್ತದೆ.

ಗೆರೆ ಅಂಟಿದೆಯೇ ಎಂಬುದನ್ನು ತಿಳಿಯಲು ಅದನ್ನು ಆರಿಸಿ ತುದಿಯನ್ನು ನೋಡಬೇಕು. ಇತ್ತೀಚಿನ ಆವೃತ್ತಿಗಳಲ್ಲಿ ಅಂಟಿದ ತುದಿ ಹಸಿರು ಬಣ್ಣದಲ್ಲಿಯೂ ಹಳೆಯ ಆವೃತ್ತಿಗಳಲ್ಲಿ ಕೆಂಪು ಬಣ್ಣದಲ್ಲಿಯೂ ತೋರುತ್ತದೆ. ಅಂಟದ ಗೆರೆಗೆ ಎಷ್ಟು ಎಚ್ಚರಿಕೆಯಿಂದ ಬರಹ ಸೇರಿಸಿದರೂ ಪ್ರಯೋಜನವಿಲ್ಲ. ಆದುದರಿಂದ ಮೊದಲು ಗೆರೆ, ಅನಂತರ ಬರಹ ಎಂಬುದು ನಿಯಮವಾಗಿರಬೇಕು.

ಬರಹವನ್ನು ಸೇರಿಸುವ ವಿಧಾನಗಳು

1. ಮೇಲೆ ಇಡುವ ವಿಧಾನ. 'ಟೆಕ್ಸ್ಟ್ ಬಾಕ್ಸ್' ಒಂದನ್ನು ರಚಿಸಿ, ಬೇಕಾದ ಮಾತನ್ನು ಬರೆದು, ಅದರ ಅಂಚುಗೆರೆಯನ್ನು ತೆಗೆದು, ಒಳಭಾಗಕ್ಕೆ ಬಿಳಿ ಬಣ್ಣ ಕೊಟ್ಟು ಗೆರೆಯ ನಡುವೆ ಇಡಲಾಗುತ್ತದೆ. ಬಿಳಿಯ ಹಿನ್ನೆಲೆಯು ಅಷ್ಟು ಭಾಗದ ಗೆರೆಯನ್ನು ಮರೆಮಾಡುವುದರಿಂದ ಅಕ್ಷರಗಳು ಸ್ಪಷ್ಟವಾಗಿ ಕಾಣುತ್ತವೆ. ಈ ವಿಧಾನ ಸುಲಭ. ಆದರೆ ಬರಹಕ್ಕೂ ಗೆರೆಗೂ ಇಲ್ಲಿ ಯಾವ ಸಂಬಂಧವೂ ಇಲ್ಲ. ವಜ್ರವನ್ನು ಸರಿಸಿದಾಗ ಗೆರೆ ಸಾಗುತ್ತದೆ, ಬರಹ ಇದ್ದಲ್ಲಿಯೇ ಉಳಿಯುತ್ತದೆ. ಬದಲಾವಣೆಯ ಸಂಭವವೇ ಇಲ್ಲದ ಚಿಕ್ಕ ನಕ್ಷೆಗೆ ಮಾತ್ರ ಇದು ತಕ್ಕುದು.

2. ಗುಂಪುಗೂಡಿಸುವ ವಿಧಾನ. ನಕ್ಷೆ ಪೂರ್ಣಗೊಂಡ ಮೇಲೆ 'ಕಂಟ್ರೋಲ್' ಕೀಲಿಯನ್ನು ಒತ್ತಿಹಿಡಿದು ಎಲ್ಲ ಆಕೃತಿ, ಗೆರೆ, ಬರಹಗಳನ್ನು ಆರಿಸಿ 'ಗ್ರೂಪ್' ಆದೇಶವನ್ನು ಕೊಟ್ಟರೆ ಇಡೀ ನಕ್ಷೆ ಒಂದೇ ವಸ್ತುವಾಗುತ್ತದೆ. ಹಾಳೆಯಲ್ಲಿ ಎಲ್ಲಿಗೆ ಒಯ್ದರೂ ಭಾಗಗಳು ಚದುರುವುದಿಲ್ಲ. ಆದರೆ ನಡುವೆ ಹೊಸ ಹಂತವೊಂದನ್ನು ಸೇರಿಸಬೇಕಾದಾಗ ಗುಂಪನ್ನು ಬಿಡಿಸಬೇಕಾಗುತ್ತದೆ. ಆಗ ಹಳೆಯ ತೊಂದರೆ ಮರಳುತ್ತದೆ. ಆದ್ದರಿಂದ ಇದನ್ನು ಕೊನೆಯ ಹಂತದ ರಕ್ಷಣೆಯೆಂದು ಭಾವಿಸಬೇಕು.

3. ದಾರಿಯಲ್ಲಿ ನಿಲ್ಲಿಸುವ ವಿಧಾನ. ಇದು ಎಲ್ಲಕ್ಕಿಂತ ಭದ್ರವಾದುದು. ಇದರಲ್ಲಿ ಬರಹವನ್ನು ಗೆರೆಯ ಮೇಲೆ ಇಡುವುದಿಲ್ಲ. ಗೆರೆಯನ್ನೇ ಎರಡು ತುಂಡಾಗಿಸಿ ನಡುವೆ ಬರಹವನ್ನು ನಿಲ್ಲಿಸಲಾಗುತ್ತದೆ. ಅಂಚುಗೆರೆಯಿಲ್ಲದ ಒಂದು ಚಿಕ್ಕ ಆಯತದಲ್ಲಿ 'ಹೌದು: 48 ಗಂಟೆ' ಎಂದು ಬರೆಯಬೇಕು. ವಜ್ರದ ಬಿಂದುವಿನಿಂದ ಈ ಆಯತದವರೆಗೆ ಬಾಣವಿಲ್ಲದ ಗೆರೆಯನ್ನೂ, ಆಯತದ ಇನ್ನೊಂದು ಬದಿಯಿಂದ ಮುಂದಿನ ಚೌಕದವರೆಗೆ ಬಾಣವಿರುವ ಗೆರೆಯನ್ನೂ ಎಳೆಯಬೇಕು. ನೋಡುವವರಿಗೆ ಒಂದೇ ಗೆರೆಯ ನಡುವೆ ಬರಹವಿದ್ದಂತೆ ತೋರುತ್ತದೆ. ವಜ್ರವನ್ನಾಗಲಿ ಚೌಕವನ್ನಾಗಲಿ ಎಲ್ಲಿಗೆ ಸರಿಸಿದರೂ ಗೆರೆಗಳು ಹಿಗ್ಗುತ್ತವೆ ಅಥವಾ ಕುಗ್ಗುತ್ತವೆಯೇ ಹೊರತು ಬರಹವನ್ನು ಬಿಟ್ಟುಹೋಗುವುದಿಲ್ಲ. ವಜ್ರ, ಬರಹ ಮತ್ತು ಚೌಕ ಒಂದೇ ನೇರದಲ್ಲಿರುವಂತೆ 'ಅಲೈನ್' ಆದೇಶದಿಂದ ಹೊಂದಿಸಿದರೆ ಗೆರೆ ಡೊಂಕಾಗಿ ಕಾಣುವುದಿಲ್ಲ.

ಈ ಮೂರರಲ್ಲಿ ಯಾವುದನ್ನು ಅನುಸರಿಸಿದರೂ ಇನ್ನೊಂದು ಮುನ್ನೆಚ್ಚರಿಕೆ ಅಗತ್ಯ. ಹಾಳೆಯಲ್ಲಿ ಅಡ್ಡಸಾಲನ್ನು ಸೇರಿಸಿದಾಗ ಅಥವಾ ಕಂಬಸಾಲಿನ ಅಗಲವನ್ನು ಬದಲಿಸಿದಾಗ ಅದರ ಮೇಲಿರುವ ಆಕೃತಿಗಳು ಸರಿಯಬಹುದು, ಆಕಾರವನ್ನೂ ಬದಲಿಸಬಹುದು. ಆಕೃತಿಯ ಗುಣಲಕ್ಷಣಗಳಲ್ಲಿ ಇದಕ್ಕೆ ಮೂರು ಆಯ್ಕೆಗಳಿವೆ: ಕೋಶಗಳೊಡನೆ ಸರಿದು ಅಳತೆಯನ್ನೂ ಬದಲಿಸುವುದು, ಸರಿದರೂ ಅಳತೆಯನ್ನು ಬದಲಿಸದಿರುವುದು, ಎರಡನ್ನೂ ಮಾಡದಿರುವುದು. ಆಕೃತಿಗಳಿಗೆ ಒಂದು, ಬರಹಗಳಿಗೆ ಇನ್ನೊಂದು ಆಯ್ಕೆಯಿದ್ದರೆ ಒಂದು ಸಾಲು ಸೇರಿಸಿದ ಕೂಡಲೇ ಅವು ಬೇರ್ಪಡುತ್ತವೆ. ಎಲ್ಲಕ್ಕೂ ಒಂದೇ ಆಯ್ಕೆ, ವಿಶೇಷವಾಗಿ ಎರಡನೆಯದು, ಇರುವುದು ಲೇಸು.

ಬರಹ ಮತ್ತು ಲೆಕ್ಕದ ಸಂಬಂಧ

ಗೆರೆಯ ಬರಹವನ್ನು ಕೋಶದೊಡನೆ ಜೋಡಿಸುವ ಸೌಲಭ್ಯ ಸ್ಪ್ರೆಡ್‌ಶೀಟ್‌ನ ವೈಶಿಷ್ಟ್ಯ. ಬರಹದ ಆಯತವನ್ನು ಆರಿಸಿ, ಮೇಲಿನ ಸೂತ್ರಪಟ್ಟಿಯಲ್ಲಿ ಸಮ ಚಿಹ್ನೆಯನ್ನು ಹಾಕಿ, ಬೇಕಾದ ಕೋಶದ ಮೇಲೆ ಕ್ಲಿಕ್ ಮಾಡಿ 'ಎಂಟರ್' ಒತ್ತಿದರೆ ಆ ಕೋಶದಲ್ಲಿರುವುದೇ ಬರಹವಾಗಿ ಕಾಣುತ್ತದೆ. ಕೋಶ ಬದಲಾದರೆ ಬರಹವೂ ಬದಲಾಗುತ್ತದೆ. ಇಂತಹ ಬರಹವನ್ನು ಒಂದು ಕೋಶಕ್ಕೆ ಮಾತ್ರ ಜೋಡಿಸಬಹುದಾದ ಕಾರಣ, ಬೇರೆ ಬೇರೆ ಮಾತುಗಳನ್ನು ಕೂಡಿಸಬೇಕಾದಲ್ಲಿ ಮೊದಲು ಅವನ್ನು ಕೋಶದಲ್ಲಿಯೇ ಕೂಡಿಸಿಕೊಳ್ಳಬೇಕು.

ಉದಾಹರಣೆಗೆ, ಅರ್ಜಿಯು ಕಚೇರಿಗೆ ಜೂನ್ 1ರಂದು ತಲುಪಿತೆಂದು ಭಾವಿಸೋಣ. ಆ ದಿನಾಂಕವನ್ನು ಒಂದು ಕೋಶದಲ್ಲಿ ಬರೆದು, ಪಕ್ಕದ ಕೋಶದಲ್ಲಿ ಅದಕ್ಕೆ 30ನ್ನು ಕೂಡಿಸಿದರೆ ಜುಲೈ 1 ದೊರೆಯುತ್ತದೆ. ಅದು ಅಧಿಕಾರಿಯ ಅವಧಿಯ ಕೊನೆ. ಉತ್ತರವೇ ಬಾರದಿದ್ದರೆ ಅದಕ್ಕೆ ಮತ್ತೆ 30ನ್ನು ಕೂಡಿಸಬೇಕು. ಆಗ ದೊರೆಯುವ ಜುಲೈ 31 ಅರ್ಜಿದಾರನು ಮೊದಲನೆಯ ಮೇಲ್ಮನವಿ ಸಲ್ಲಿಸಲು ಕೊನೆಯ ದಿನ. ಮೇಲ್ಮನವಿಯು ಜುಲೈ 10ರಂದು ತಲುಪಿದ್ದರೆ ಮೇಲಧಿಕಾರಿಯ 30 ದಿನ ಆಗಸ್ಟ್ 9ಕ್ಕೂ, 45 ದಿನ ಆಗಸ್ಟ್ 24ಕ್ಕೂ ಮುಗಿಯುತ್ತದೆ. ತೀರ್ಮಾನ ಬಾರದಿದ್ದರೆ, ಆಗಸ್ಟ್ 9ರಿಂದ 90 ದಿನ ಎಣಿಸಿದಾಗ ನವೆಂಬರ್ 7 ಬರುತ್ತದೆ. ಅಷ್ಟರೊಳಗೆ ಎರಡನೆಯ ಮೇಲ್ಮನವಿ ಸಲ್ಲಿಸಿದವರಿಗೆ ಅವಧಿಯ ವಿಷಯದಲ್ಲಿ ಆತಂಕವಿರುವುದಿಲ್ಲ. ಈ ದಿನಾಂಕಗಳು ಗೆರೆಗಳ ಮೇಲೆ ಕಾಣುವಂತೆ ಜೋಡಿಸಿದರೆ, ಮೊದಲ ಕೋಶದಲ್ಲಿ ಹೊಸ ದಿನಾಂಕವನ್ನು ಬರೆದಾಗ ಅದನ್ನು ಆಧರಿಸಿದ ಬರಹಗಳೆಲ್ಲ ತಾವಾಗಿಯೇ ತಿದ್ದಿಕೊಳ್ಳುತ್ತವೆ.

ಇಲ್ಲಿಯೂ ಎಚ್ಚರಿಕೆ ಬೇಕು. ಸಹಾಯಕ ಮಾಹಿತಿ ಅಧಿಕಾರಿಯ ಮೂಲಕ ಅರ್ಜಿ ಕೊಟ್ಟಿದ್ದರೆ ಮೊದಲ ಅವಧಿಗೆ 5 ದಿನಗಳನ್ನು ಸೇರಿಸಬೇಕು. ಹೆಚ್ಚಿನ ಶುಲ್ಕವನ್ನು ಕೇಳಿ ಪತ್ರ ಬಂದಿದ್ದರೆ, ಪತ್ರ ಹೊರಟ ದಿನದಿಂದ ಶುಲ್ಕ ಪಾವತಿಯವರೆಗಿನ ಅವಧಿಯನ್ನು ಬಿಟ್ಟು ಎಣಿಸಬೇಕು. ಇವುಗಳಿಗೆ ಪ್ರತ್ಯೇಕ ಕೋಶಗಳನ್ನು ಮೀಸಲಿಡುವುದು ಒಳ್ಳೆಯದು.

ಕನ್ನಡ ಬರಹದ ವಿಶೇಷಗಳು

ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಅಕ್ಷರಗಳಿಗೆ ಸಾಕಾಗುವ ಎತ್ತರದ ಆಯತದಲ್ಲಿ 'ಮೇಲ್ಮನವಿ', 'ಇಲ್ಲ' ಎಂಬ ಮಾತುಗಳ ಒತ್ತುಗಳು ಕತ್ತರಿಸಿಹೋಗಬಹುದು. ಬರಹವನ್ನು ಗೆರೆಗೆ ತೀರ ಹತ್ತಿರವಾಗಿ ಮೇಲೆ ಇಟ್ಟರೆ ಗೆರೆಯೇ ಒತ್ತಿನ ಮೇಲೆ ಹಾದುಹೋಗುತ್ತದೆ. ಆದುದರಿಂದ ಆಯತಕ್ಕೆ ತುಸು ಹೆಚ್ಚಿನ ಎತ್ತರವನ್ನು ಕೊಡಬೇಕು.

ಅಕ್ಷರಶೈಲಿಯ ಆಯ್ಕೆಯೂ ಮುಖ್ಯ. ಹಳೆಯ ಪದ್ಧತಿಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬರೆದದ್ದು ಆ ಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಪುಣೆಯಲ್ಲಿ ರಚಿಸಿದ ನಕ್ಷೆಯನ್ನು ದೆಹಲಿಯಲ್ಲಿರುವವರೂ ಓದಬೇಕಾದರೆ ಯೂನಿಕೋಡ್ ಅಕ್ಷರಗಳನ್ನೇ ಬಳಸಬೇಕು. 'ಹೌದು', 'ಇಲ್ಲ' ಎಂಬ ಉತ್ತರಗಳಿಗೆ ಹೊಂದುವಂತೆ ವಜ್ರದೊಳಗಿನ ಪ್ರಶ್ನೆಯನ್ನೂ ರೂಪಿಸಬೇಕು. 'ಉತ್ತರ ಬಂದಿಲ್ಲವೇ?' ಎಂಬ ಪ್ರಶ್ನೆಗೆ 'ಇಲ್ಲ' ಎಂದರೆ ಉತ್ತರ ಬಂದಿದೆ ಎಂದೋ ಬಂದಿಲ್ಲ ಎಂದೋ ಎಂಬ ಗೊಂದಲ ಉಂಟಾಗುತ್ತದೆ. 'ಅವಧಿಯೊಳಗೆ ಉತ್ತರ ಬಂದಿತೇ?' ಎಂಬುದು ಸರಿಯಾದ ಪ್ರಶ್ನೆ.

ಕೊನೆಯ ಪರಿಶೀಲನೆ

ನಕ್ಷೆಯನ್ನು ಇತರರಿಗೆ ಕೊಡುವ ಮೊದಲು ಈ ಕೆಳಗಿನ ಅಂಶಗಳನ್ನು ನೋಡಿಕೊಳ್ಳಬೇಕು:

1. ಪ್ರತಿಯೊಂದು ವಜ್ರದಿಂದ ಹೊರಡುವ ಎಲ್ಲ ಗೆರೆಗಳಿಗೂ ಬರಹವಿದೆಯೇ?
2. ದಿನಗಳ ಸಂಖ್ಯೆ ಬಂದಲ್ಲೆಲ್ಲ ಆ ಅವಧಿ ಯಾರದೆಂದು ಹೇಳಲಾಗಿದೆಯೇ?
3. ಪ್ರತಿಯೊಂದು ವಜ್ರವನ್ನು ಸ್ವಲ್ಪ ಸರಿಸಿದಾಗ ಗೆರೆಯೂ ಹಿಂಬಾಲಿಸಿ, ಬರಹದ ಸಂಪರ್ಕವನ್ನು ಉಳಿಸಿಕೊಳ್ಳುತ್ತದೆಯೇ? ನೋಡಿದ ಮೇಲೆ ಸರಿಸಿದ್ದನ್ನು ರದ್ದುಪಡಿಸಬೇಕು.
4. ಎರಡು ಗೆರೆಗಳು ಒಂದನ್ನೊಂದು ದಾಟುವಲ್ಲಿ ಬರಹವನ್ನು ಇಟ್ಟಿಲ್ಲವಷ್ಟೆ?
5. ಕಪ್ಪು ಬಿಳುಪಿನಲ್ಲಿ ಮುದ್ರಿಸಿದಾಗಲೂ ಅರ್ಥ ಉಳಿಯುತ್ತದೆಯೇ? ಬಣ್ಣದಿಂದ ಮಾತ್ರ 'ಹೌದು', 'ಇಲ್ಲ'ಗಳನ್ನು ಸೂಚಿಸಬಾರದು.

ಇವೆಲ್ಲ ಆದ ಮೇಲೆ, ನಕ್ಷೆಯನ್ನು ರಚಿಸದ ಬೇರೊಬ್ಬರ ಕೈಗೆ ಮುದ್ರಿತ ಪ್ರತಿಯನ್ನು ಕೊಟ್ಟು, 'ಉತ್ತರ ಬಾರದಿದ್ದರೆ ಎಂದಿನೊಳಗೆ, ಯಾರಿಗೆ ಬರೆಯಬೇಕು?' ಎಂದು ಕೇಳುವುದು ಉತ್ತಮ. ಅವರು ಬೆರಳನ್ನು ಗೆರೆಯ ಮೇಲೆ ಓಡಿಸಿ ತಡವರಿಸದೆ ಉತ್ತರ ಹೇಳಿದರೆ ನಕ್ಷೆ ಸಿದ್ಧವಾಗಿದೆ ಎಂದು ಅರ್ಥ.

ಉಪಸಂಹಾರ

ಕಾನೂನು ಕೊಟ್ಟ ಹಕ್ಕು ಅವಧಿಯೊಳಗೆ ಬಳಸಿಕೊಂಡಾಗ ಮಾತ್ರ ಕೈಗೆ ದಕ್ಕುತ್ತದೆ. ಆ ಅವಧಿಯನ್ನು ನಕ್ಷೆಯಲ್ಲಿ ಹೇಳುವುದು ದೊಡ್ಡ ಅಕ್ಷರದ ತಲೆಬರಹವಲ್ಲ, ಎರಡು ಚೌಕಗಳ ನಡುವಿನ ಗೆರೆಯ ಮೇಲಿರುವ ಎರಡು ಮೂರು ಮಾತುಗಳು. ಅವು ಸರಿಯಾಗಿರಬೇಕು, ಸ್ಪಷ್ಟವಾಗಿರಬೇಕು, ತಮ್ಮ ಗೆರೆಯನ್ನು ಬಿಟ್ಟು ಅಗಲದಂತಿರಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಹೇಳಿದ ಈ ಕ್ರಮವು ಶಾಲೆಯ ಪ್ರವೇಶ, ಆಸ್ಪತ್ರೆಯ ದಾಖಲಾತಿ, ಸಂಘದ ಸದಸ್ಯತ್ವ ಮುಂತಾದ ಯಾವುದೇ ಕಾರ್ಯದ ನಕ್ಷೆಗೂ ಅನ್ವಯಿಸುತ್ತದೆ. ಅರ್ಧ ಗಂಟೆಯ ಹೆಚ್ಚಿನ ಶ್ರಮದಿಂದ ರಚಿಸಿದ ಇಂತಹ ನಕ್ಷೆಯೊಂದು ಅನೇಕರ ಅಲೆದಾಟವನ್ನು ತಪ್ಪಿಸಬಲ್ಲದು.